ನೀಲಿ ಬೊಟ್ಟಿನ ಬೆಳ್ಳಿ ನಾಣ್ಯ

ಹೋದ ತಿಂಗಳು ನಮ್ಮ ಸ್ಕೂಲಿನ ಹಳೆಯ ಟೀಚರುಗಳ ವಾಟ್ಸಾಪ್ ಗುಂಪಿನಲ್ಲಿ ಹಿಸ್ಟರಿ ಮಿಸ್ ತೀರಿಕೊಂಡ ಸುದ್ದಿ ಬಂತು. ಊಟಕ್ಕೆ ಕೂತಿದ್ದೆ. ನೋಡುತ್ತಿದ್ದಂತೆಯೇ ಕೈಮುಗಿದ ಚಿತ್ರಗಳು ಒಂದರ ಕೆಳಗೊಂದು ಸಾಲುಗಟ್ಟಿದವು. ಒಬ್ಬರು, 'ಮೃದು ಸ್ವಭಾವದವರು, ಯಾರ ಮನಸ್ಸನ್ನೂ ನೋಯಿಸದ ಜೀವ' ಎಂದು ಬರೆದರು. ಅದಕ್ಕೆ ಉಳಿದವರೆಲ್ಲ ಹೌದು ಹೌದು ಎಂದರು. ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಅವರನ್ನು ವರ್ಷಗಟ್ಟಲೆ ನನ್ನ ಕಾರಿನ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಓಡಾಡಿದವಳು ನಾನು. ಮೃದು ಎನ್ನುವ ಪದ ಅವರ ಹತ್ತಿರ ಸುಳಿದಿದ್ದರೆ, ಮೊದಲು ಅದರ ಕಾಗುಣಿತ ತಿದ್ದಿ ಆಮೇಲೆ ಹೊರಗೆ ಕಳಿಸುತ್ತಿದ್ದರು.

ಅವರು ಉಡುಪಿ ಕಡೆಯವರು. ನಾನು ಮಸ್ಕತ್ತಿಗೆ ಬರುವ ಎಷ್ಟೋ ಮೊದಲೇ ಬಂದು, ಅಲ್ಲಿಯ ರೂವಿ ಬಡಾವಣೆಯಲ್ಲಿ ಊರಿಗೆ ಹಣ ಕಳಿಸುವ ಅಂಗಡಿಯೊಂದರ ಮೇಲಿನ ಒಂದು ಕೋಣೆ ಹಿಡಿದು, ಇಂಡಿಯನ್ ಸ್ಕೂಲಿನ ದೊಡ್ಡ ತರಗತಿಗಳಿಗೆ ಇತಿಹಾಸ ಹೇಳುತ್ತಿದ್ದರು. ಮದುವೆಯಾಗಿರಲಿಲ್ಲ. ನಾನು ಮೈಸೂರಿನವಳು, ಕೆಮಿಸ್ಟ್ರಿ ಟೀಚರ್; ಗಂಡನಿಗೆ ಘಾಲಾದಲ್ಲಿ ಕೆಲಸ. ನಾವಿದ್ದದ್ದು ಅವರ ಹಿಂದಿನ ರಸ್ತೆಯಲ್ಲೇ. ನಾನು ಕೆಲಸಕ್ಕೆ ಸೇರಿದ ಮೊದಲ ವಾರವೇ ಅವರು ಸ್ಟಾಫ್ ರೂಮಿನಲ್ಲಿ ನನ್ನ ಎದುರು ಬಂದು ನಿಂತು, "ನಿನಗೆ ಕಾರುಂಟಂತೆ ಅಲ್ವಾ? ನಾಳೆಯಿಂದ ನಾನು ಕೆಳಗೆ ಕಾಯ್ತೇನೆ, ಆಯ್ತಾ" ಎಂದರು. ಕೇಳಿದ್ದಲ್ಲ, ತಿಳಿಸಿದ್ದು. ನನ್ನ ಹೆಸರು ಅವರಿಗೆ ಗೊತ್ತಿತ್ತೋ ಇಲ್ಲವೋ, ಕೊನೆಯ ತನಕ 'ಕೆಮಿಸ್ಟ್ರಿ' ಎಂದೇ ಕರೆದರು.

ಅವರಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಆದರೆ ನನ್ನ ಡ್ರೈವಿಂಗಿನ ಬಗ್ಗೆ ಅವರಲ್ಲಿ ಅಭಿಪ್ರಾಯಗಳ ಕೊರತೆ ಇರಲಿಲ್ಲ. ತಪ್ಪು ಕಂಡರೆ ಸುಮ್ಮನಿರುವುದು ಅವರ ಜಾತಕದಲ್ಲೇ ಬರೆದಿರಲಿಲ್ಲ. ಹೋಟೆಲಿಗೆ ಹೋದರೆ ಮೆನು ಕಾರ್ಡಿನ ಸ್ಪೆಲ್ಲಿಂಗ್ ತಿದ್ದಿ ಮಾಣಿಯ ಕೈಗೆ ಕೊಡುವರು. ನಾವು ದೋಸೆಗೆ ಕಾಯುತ್ತಾ ಕೂರಬೇಕು. ಒಂದು ಸಲ ಕನ್ನಡದವರ ಸಂಕ್ರಾಂತಿ ಕೂಟಕ್ಕೆ ಊರಿಂದ ಬಂದಿದ್ದ ಅತಿಥಿಯೊಬ್ಬರು ವಿಜಯನಗರದ ವೈಭವದ ಬಗ್ಗೆ ಭಾಷಣ ಮಾಡುತ್ತಿದ್ದಾಗ ಇವರು ಮೂರನೆಯ ಸಾಲಿನಿಂದ ಎದ್ದು, "ಸ್ವಾಮಿ, ನೀವು ಹೇಳುವ ರಾಜ ಆ ಯುದ್ಧದ ಹೊತ್ತಿಗೆ ಬದುಕಿರಲಿಲ್ಲ" ಎಂದುಬಿಟ್ಟರು. ಅತಿಥಿಗಳು ನೀರು ಕುಡಿದರು. ಎಳ್ಳು ಬೆಲ್ಲ ಹಂಚುವಾಗ ನಮ್ಮಿಬ್ಬರ ಹತ್ತಿರ ಯಾರೂ ಬರಲಿಲ್ಲ. ಜೊತೆಯಲ್ಲಿ ಬಂದ ತಪ್ಪಿಗೆ ನನಗೂ ಎಳ್ಳಿಲ್ಲ.

"ಒಳ್ಳೆ ಮಾತಾಡ್ಲಿಕ್ಕೆ ಎಂತ ತೊಂದರೆ ನಿಮಗೆ?" ಎಂದು ಅವರದೇ ಧಾಟಿಯಲ್ಲಿ ಕೇಳಿದ್ದೆ.

"ತಪ್ಪು ಹಾಗೇ ಬಿಟ್ರೆ ಅದು ಬೆಳೀತದೆ ಮಾರಾಯ್ತಿ" ಎಂದಿದ್ದರು.

ಇಂಥವರ ಕೈಗೆ ಕೊರಿಯಾದ ನಾಣ್ಯವೊಂದು ಸಿಕ್ಕಿತು. ನನ್ನ ಗ್ರಹಚಾರ ಅಂದರೆ, ಸಿಕ್ಕಿದಾಗ ನಾನೂ ಅಲ್ಲೇ ಇದ್ದೆ.

ಇಬ್ರಿಯಲ್ಲಿ ಅವರ ಹಳೆಯ ವಿದ್ಯಾರ್ಥಿಯೊಬ್ಬನ ತಂದೆಗೆ ಬಟ್ಟೆ ಅಂಗಡಿಯಿತ್ತು. ಬಂಟ್ವಾಳದ ಕಡೆಯ ಬ್ಯಾರಿಗಳು. ಮಿಸ್ ಆ ತಂದೆಯನ್ನು 'ಸಾಹೇಬ್ರೇ' ಎನ್ನುತ್ತಿದ್ದರು, ಅವರು ಇವರನ್ನು 'ಟೀಚರೇ'. ಮಗನ ಮದುವೆ ನಿಶ್ಚಯವಾಯಿತೆಂದು ಸಾಹೇಬರು ಊಟಕ್ಕೆ ಕರೆದಿದ್ದರು. ಮಸ್ಕತ್ತಿನಿಂದ ಮೂರು ಗಂಟೆ ದಾರಿ. ಊಟ ಮುಗಿಸಿ ಹೊರಡೋಣ ಎಂದರೆ ಇವರು ಮಾರ್ಕೆಟ್ಟಿಗೆ ನುಗ್ಗಿದರು. ಅಲ್ಲಿ ಮುಖಕ್ಕೆ ಬುರ್ಖಾ ಕಟ್ಟಿದ ಹೆಂಗಸೊಬ್ಬಳು ಡಬ್ಬಿಯಲ್ಲಿ ಹಳೆಯ ಬೆಳ್ಳಿ ಒಡವೆ ಇಟ್ಟುಕೊಂಡು ಕೂತಿದ್ದಳು. ಒಂದು ಸರ. ಅದಕ್ಕೆ ದಪ್ಪ ದಪ್ಪ ಬೆಳ್ಳಿ ರಿಯಾಲು ನಾಣ್ಯಗಳನ್ನು ಪೋಣಿಸಿದ್ದರು. ಯೂರೋಪಿನ ಯಾವಳೋ ರಾಣಿಯ ತಲೆ ಇರುವಂಥವು. ಹಿಂದೆ ಈ ದೇಶದ ವ್ಯಾಪಾರವೆಲ್ಲ ಅವುಗಳಲ್ಲೇ ನಡೆಯುತ್ತಿತ್ತಂತೆ. ಹಳೆಯ ಸರಗಳಲ್ಲಿ ಈಗಲೂ ಸಿಗುತ್ತವೆ.

"ಇದೊಂದು ಬೇರೆ ಉಂಟು ನೋಡು ಕೆಮಿಸ್ಟ್ರಿ" ಎಂದರು ಮಿಸ್.

ರಾಣಿಯರ ನಡುವೆ ಒಂದು ತೆಳ್ಳಗಿನ, ಚಿಕ್ಕ ಬಿಲ್ಲೆ. ಒಂದು ಬದಿಯಲ್ಲಿ ಚೀನೀ ಥರದ ನಾಲ್ಕು ಅಕ್ಷರ. ಇನ್ನೊಂದು ಬದಿಯ ನಟ್ಟ ನಡುವೆ ಕುಂಕುಮದ ಬೊಟ್ಟಿನಷ್ಟು ಅಗಲಕ್ಕೆ ಗಾಜಿನಂಥ ಬಣ್ಣ ಕರಗಿಸಿ ತುಂಬಿದ ನೀಲಿ ಮೀನಾಕಾರಿ, ಅದರೊಳಗೆ ಒಂದೇ ಒಂದು ಅಕ್ಷರ. ಅಂಚಿಗೆ ಸರಕ್ಕೆ ಪೋಣಿಸಲು ಕೊಂಡಿಯೊಂದನ್ನು ಬೆಸೆದಿದ್ದರು. ನನಗೆ ಬಿಸಿಲು. ಮಾರುವವಳಿಗೆ ಸರ ಬಿಡಿಸಿ ಕೊಡಲು ಮನಸ್ಸಿಲ್ಲ. ಇವರಿಗೆ ಇಡೀ ಸರ ಬೇಡ, ಅದೊಂದೇ ಬೇಕು. ಸಾಹೇಬರು ಮಧ್ಯೆ ನಿಂತು ಅರಬ್ಬಿಯಲ್ಲಿ ಒಬ್ಬರ ಸಿಟ್ಟನ್ನು ಇನ್ನೊಬ್ಬರಿಗೆ ದಾಟಿಸುತ್ತಿದ್ದರು. ಕೊನೆಗೆ ಆ ಹೆಂಗಸೇ ಬೇಸತ್ತು "ಖಲಾಸ್" ಎಂದು ಇಕ್ಕಳ ತೆಗೆದಳು. ಹಾಗೆ ಆ ಬಿಲ್ಲೆ ನಮ್ಮ ಕಾರು ಹತ್ತಿತು.

ಮರುದಿನದಿಂದ ನನಗೆ ನೆಮ್ಮದಿ ಇಲ್ಲ. ರೂವಿಯಲ್ಲಿ ಸಗಟು ಆಟದ ಸಾಮಾನು ಮಾರುವ ಚೀನೀ ಹೆಂಗಸಿನ ಹತ್ತಿರ ಕರೆದುಕೊಂಡು ಹೋಗು ಎಂದರು; ಹೋದೆ. ಅವಳು ತಿರುಗಿಸಿ ನೋಡಿ, "ಓದಬಲ್ಲೆ, ಆದರೆ ಇದು ನಮ್ಮದಲ್ಲ. ಕೊರಿಯಾದ್ದಿರಬೇಕು" ಎಂದಳು. ಲ್ಯಾಬಿಗೆ ತಂದು, ಇದು ಬೆಳ್ಳಿ ಹೌದೋ ಅಲ್ಲವೋ ಹೇಳು ಎಂದರು. ಆಸಿಡ್ ಹಾಕಿದರೆ ಹಾಳಾಗುತ್ತೆ, ನೀರಲ್ಲಿ ಮುಳುಗಿಸಿ ತೂಗೋಣ ಅಂದರೆ ಕೊಂಡಿ, ಬೆಸುಗೆ, ಮೀನಾಕಾರಿ ಎಲ್ಲ ಸೇರಿ ಲೆಕ್ಕ ಸರಿಯಾಗಿ ಬರಲ್ಲ ಎಂದೆ.

"ಹಾಗಾದ್ರೆ ನಿನ್ನ ಕೆಮಿಸ್ಟ್ರಿ ಎಂತಕ್ಕೆ?" ಎಂದು ನಾಣ್ಯ ಕಿತ್ತುಕೊಂಡು ಹೋದರು.

ಆದರೆ ಓದುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಎಲ್ಲೆಲ್ಲಿಂದಲೋ ತರಿಸಿಕೊಂಡು ಓದಿದರು, ಓದಿದ್ದನ್ನು ಸಿಗ್ನಲ್ಲಿನಲ್ಲಿ, ಕ್ಯಾಂಟೀನಿನಲ್ಲಿ, ನಾನು ತರಕಾರಿ ಆರಿಸುವಾಗ ಹೇಳಿದರು. ನಾಣ್ಯದ ಹೆಸರು ದೇದೊಂಗ್. 'ಪೂರ್ವದ ದೊಡ್ಡ ನಾಡು' ಎಂದು ಅರ್ಥ, ಕೊರಿಯಾದವರು ತಮ್ಮ ದೇಶವನ್ನೇ ಹಾಗೆ ಕರೆದುಕೊಳ್ಳುತ್ತಿದ್ದರು. ಇದರ ಬೆಲೆ ಮೂರು ಜೊನ್. ಅದಕ್ಕೂ ಮೊದಲು ಅಲ್ಲಿ ನಡುವೆ ತೂತಿರುವ ತಾಮ್ರ, ಹಿತ್ತಾಳೆಯ ಕಾಸುಗಳು. ಅರಮನೆಗೆ ಹಣ ಸಾಲದಾದಾಗ ಒಂದು ಕಾಸಿನ ಮೇಲೆ ನೂರರ ಬೆಲೆ ಬರೆದು ಬಿಟ್ಟದ್ದೂ ಉಂಟಂತೆ. ಅಕ್ಕಿಯ ಬೆಲೆ ಆಕಾಶಕ್ಕೆ ಹೋಯಿತು. ಆಮೇಲೆ ಬಂದರುಗಳನ್ನು ಹೊರಗಿನವರಿಗೆ ತೆರೆಯಬೇಕಾಗಿ ಬಂತು. ಪರದೇಶದ ವ್ಯಾಪಾರಿಗೆ ತೂತು ಕಾಸು ಕೊಟ್ಟರೆ ನಗುತ್ತಾನೆ. ಹಾಗಾಗಿ ೧೮೮೨ರಲ್ಲಿ ರಾಜ ಚೀನಾದಿಂದ ಕುದುರೆ ಗೊರಸಿನ ಆಕಾರದ ಬೆಳ್ಳಿ ಗಟ್ಟಿಗಳನ್ನು ತರಿಸಿ ಈ ನಾಣ್ಯ ಮಾಡಿಸಿದ. ನೀಲಿಯ ನಡುವಿನ ಅಕ್ಷರ ಖಜಾನೆ ಇಲಾಖೆಯ ಗುರುತು. ಆ ಅಕ್ಷರಕ್ಕೆ ಮನೆ, ಬಾಗಿಲು ಎಂಬ ಅರ್ಥವೂ ಇದೆಯಂತೆ.

"ಆಮೇಲೆ ಎಂತಾಯ್ತು ಕೇಳು" ಎಂದರು. ನಾನು ಕೇಳಿರಲಿಲ್ಲ. "ಬೆಳ್ಳಿಗೆ ರೇಟು ಏರಿತು. ಕೈಗೆ ಸಿಕ್ಕಿದ ದೊಡ್ಡ ಮನುಷ್ಯರೆಲ್ಲ ಪೆಟ್ಟಿಗೆಯಲ್ಲಿ ಅಡಗಿಸಿಟ್ರು. ವ್ಯಾಪಾರಿಗಳು ಹಡಗಿಗೆ ಹಾಕ್ಕೊಂಡು ಹೋದ್ರು. ಹೋದಲ್ಲಿ ಕರಗಿಸಿದ್ರು. ಮರುವರ್ಷವೇ ಟಂಕಸಾಲೆ ನಿಂತಿತು. ಬಡವನ ಕೈಗೆ ಈ ನಾಣ್ಯ ಹೋಗಲೇ ಇಲ್ಲ. ಈಗ ಜಗತ್ತಿನಲ್ಲಿ ಸಿಗುವುದೇ ಅಪರೂಪ. ಇಲ್ಲಿ ಇಬ್ರಿಯಲ್ಲಿ ಎಂತ ಮಾಡ್ತಾ ಇತ್ತು ಇದು?"

"ಹಡಗಲ್ಲಿ ಬಂದಿರುತ್ತೆ ಮೇಡಂ. ಬೊಂಬಾಯಿ, ಮಸ್ಕತ್ತು, ಹೀಗೆ."

"ಬಂದದ್ದು ಹೇಗೆಂತ ಬೇಡ. ಬಂದದ್ದೆಲ್ಲ ಇಲ್ಲಿ ಕರಗಿಸಿ ಬಳೆ, ಕಡಗ ಮಾಡ್ತಿದ್ರು. ಇದೊಂದನ್ನು ಯಾಕೆ ಕರಗಿಸ್ಲಿಲ್ಲ? ಅದು ಬೇಕು ನನಗೆ."

ಇದರ ಜೊತೆಗೆ ಕ್ಲಾಸು. ಒಂಬತ್ತನೆಯ ತರಗತಿಯ ಪುಸ್ತಕದಲ್ಲಿ ಕೊರಿಯಾದ ಹೆಸರೂ ಇರಲಿಲ್ಲ. ಆದರೂ ಫ್ರಾನ್ಸಿನ ಕ್ರಾಂತಿ ಶುರುವಾದರೆ ಸಾಕು, ಹಸಿದ ಜನ, ಹಣದ ಬೆಲೆ ಎಂದು ದಾರಿ ತಿರುಗಿಸಿ ಕೊರಿಯಾಕ್ಕೆ ತಂದು ನಿಲ್ಲಿಸುವರು. ಜಗತ್ತಿನಲ್ಲೇ ಅಪರೂಪ ಎಂದು ತಾವೇ ಹೇಳಿದ ಆ ನಾಣ್ಯವನ್ನು ಬೆಂಚಿನಿಂದ ಬೆಂಚಿಗೆ ಮಕ್ಕಳ ಕೈಯಲ್ಲಿ ದಾಟಿಸುವರು! ಬಾಗಿಲಲ್ಲಿ ನಿಂತು ನೋಡಿ ನನ್ನ ಎದೆ ಹೊಡೆದುಕೊಂಡಿತು. "ಮಿಸ್, ಈಸ್ ಇಟ್ ಫಾರ್ ದ ಎಕ್ಸಾಮ್?" ಎಂದು ಒಬ್ಬಳು ಕೇಳುತ್ತಿದ್ದಳು, ಅಂಗೈಯಲ್ಲಿ ಚಿಪ್ಸಿನ ಎಣ್ಣೆ.

"ಬ್ಯಾಂಕ್ ಲಾಕರಲ್ಲಿ ಇಡಿ ಮೇಡಂ" ಎಂದೆ.

"ಲಾಕರಿನಲ್ಲಿಟ್ಟು ಆ ದೊಡ್ಡ ಮನುಷ್ಯರು ಮಾಡಿದ್ದೇ ನಾನೂ ಮಾಡುವುದಾ?"

ಪ್ರಿನ್ಸಿಪಾಲರು ಪೋರ್ಷನ್ ಮುಗಿದಿಲ್ಲವೆಂದು ಸರ್ಕ್ಯುಲರ್ ಕಳಿಸಿದರು. ಅವರು ಅದನ್ನು ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸ್ ಕಳಿಸಿದರು.

ಹುಡುಗರಲ್ಲಿ ಒಬ್ಬ ನಾಣ್ಯದ ಫೋಟೋ ತೆಗೆದು ಇಂಟರ್ನೆಟ್ಟಿಗೆ ಹಾಕಿದ್ದ. ಅದನ್ನು ನೋಡಿ ಸೊಹಾರಿನ ಕಡೆ ಯಾವುದೋ ಸ್ಥಾವರದಲ್ಲಿದ್ದ ಕೊರಿಯಾದ ಇಂಜಿನಿಯರ್ ಒಬ್ಬರು ಹುಡುಕಿಕೊಂಡು ಬಂದರು. ಐವತ್ತು ದಾಟಿದವರು, ಇಸ್ತ್ರಿ ಮಾಡಿದ ಪ್ಯಾಂಟು, ಜೇಬಿನಲ್ಲಿ ಭೂತಗನ್ನಡಿ. ಮಿಸ್ಸಿನ ಕೋಣೆಯಲ್ಲಿ ನಾನೂ ಇದ್ದೆ; ಟೀ ಮಾಡಲು ಕರೆಸಿದ್ದರು. ಅವರು ಬಿಳಿ ಕರವಸ್ತ್ರ ಹಾಸಿ ನಾಣ್ಯವನ್ನು ಅದರ ಮೇಲಿಟ್ಟು ಬಹಳ ಹೊತ್ತು ನೋಡಿದರು. ನೀಲಿ ಉದುರಿಲ್ಲ, ಆಮೇಲೆ ತುಂಬಿಸಿದ್ದೂ ಅಲ್ಲ ಎಂದರು. ಅಸಲಿ. ಕೊಂಡಿಯನ್ನು ಸಿಯೋಲಿನಲ್ಲಿ ಬಲ್ಲವರ ಕೈಯಲ್ಲಿ ತೆಗೆಸಬಹುದು, ಆಮೇಲೆ ಅದು ಒಂದು ಮ್ಯೂಸಿಯಮ್ಮಿನಲ್ಲಿರಬೇಕು, ತಕ್ಕ ಹಣ ತಾನು ಕೊಡಿಸುತ್ತೇನೆ ಎಂದರು.

"ಕೊಂಡಿ ತೆಗೆಯುವುದು ಯಾಕೆ?" ಎಂದು ಮಿಸ್ ಇಂಗ್ಲಿಷಿನಲ್ಲಿ ಕೇಳಿದರು. "ಅದೂ ಇತಿಹಾಸವೇ."

"ಅದು ಗಾಯ, ಮೇಡಂ" ಎಂದರು ಅವರು.

"ಒಂದು ಪ್ರಶ್ನೆ ಬಾಕಿ ಉಂಟು. ಎರಡು ವಾರ ಬಿಟ್ಟು ಬನ್ನಿ" ಎಂದು ಮಿಸ್ ಅವರನ್ನು ಕಳಿಸಿಕೊಟ್ಟರು.

ಅವತ್ತು ನಾನು ಅವರಿಗೆ ಬಾಯಿ ನೋಯುವಷ್ಟು ಹೇಳಿದೆ. ಆ ವರ್ಷದ ಕೊನೆಗೆ ಅವರ ರಿಟೈರ್ಮೆಂಟ್. ನಮ್ಮಂಥವರಿಗೆ ಇಲ್ಲಿ ಪೆನ್ಷನ್ ಎಂಬುದಿಲ್ಲ. ಊರಿನಲ್ಲಿ ಅವರಿಗೆ ಸ್ವಂತ ಸೂರಿರಲಿಲ್ಲ; ಅಕ್ಕನ ಮಗನ ಮನೆಯ ಮಹಡಿ ಮೇಲೆ ಒಂದು ಕೋಣೆ ಕೊಡುತ್ತಾರಂತೆ. ಆ ಅಕ್ಕನ ಮಗನ ಹೆಂಡತಿಯ ಇಂಗ್ಲಿಷನ್ನು ಇವರು ಮದುವೆ ಮನೆಯಲ್ಲೇ ತಿದ್ದಿದ್ದರು. ಈ ನಾಣ್ಯ ಕೊಟ್ಟರೆ ಚಿಕ್ಕದೊಂದು ಫ್ಲಾಟಿಗಾದರೂ ದಾರಿಯಾಗುತ್ತಿತ್ತು. ಇಷ್ಟನ್ನೂ ಹೇಳಿದೆ. ಅವರು ಎಲ್ಲ ಕೇಳಿಸಿಕೊಂಡು, "ಶುಕ್ರವಾರ ಇಬ್ರಿಗೆ ಹೋಗುವಾ. ಬೆಳಿಗ್ಗೆ ಬೇಗ ಹೊರಟ್ರೆ ಬಿಸಿಲು ಸಿಗುವುದಿಲ್ಲ" ಎಂದರು.

ಇಬ್ರಿಯಲ್ಲಿ ಸಾಹೇಬರು ಅಂಗಡಿಯ ಕಟ್ಟೆಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಮಿಸ್ ವಾರವಿಡೀ ಅವರಿಗೆ ಫೋನು ಮಾಡಿ ಆ ಸರ ಯಾರ ಮನೆಯಿಂದ ಮಾರ್ಕೆಟ್ಟಿಗೆ ಬಂತು ಎಂದು ವಿಚಾರಿಸಲು ಹೇಳಿದ್ದರು. "ನಾನು ಅಂಗಡಿ ನಡೆಸ್ಬೇಕಾ ಟೀಚರೇ, ನಿಮ್ಮ ಸರದ ಹಿಂದೆ ಹೋಗ್ಬೇಕಾ? ಮಾರಿದವಳು ಮೊದಲು ಹೇಳ್ಲಿಕ್ಕೇ ಒಪ್ಪಲಿಲ್ಲ" ಎಂದು ಗೊಣಗಿದರು. ಆದರೂ ಪತ್ತೆ ಮಾಡಿದ್ದರು. ಊರ ಹೊರಗೆ ಖರ್ಜೂರದ ತೋಟದ ಪಕ್ಕದ ಮನೆ. ಸರ ಆ ಮನೆಯ ಅಜ್ಜಿಯದು. ಈಗ ಯಾರೂ ಬೆಳ್ಳಿ ಹಾಕುವುದಿಲ್ಲ, ಎಲ್ಲರಿಗೂ ಚಿನ್ನವೇ ಬೇಕು ಎಂದು ಮನೆಯವರು ಮಾರಿದ್ದರು.

ನಮ್ಮನ್ನು ಕಾರ್ಪೆಟ್ ಹಾಸಿದ ಉದ್ದನೆಯ ಕೋಣೆಯಲ್ಲಿ ಕೂರಿಸಿದರು. ಅಜ್ಜಿ ಗೋಡೆಗೆ ಒರಗಿ ಕೂತಿದ್ದರು. ಎರಡೂ ಕಣ್ಣಿಗೆ ಪೊರೆ, ಏನೂ ಕಾಣುತ್ತಿರಲಿಲ್ಲ. ಮೊಮ್ಮಗಳು ಹೆಲ್ತ್ ಸೆಂಟರಿನಲ್ಲಿ ನರ್ಸ್, ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಹೆರಿಗೆಯಾಗಿ ಹೆಚ್ಚು ದಿನವಾಗಿರಲಿಲ್ಲ. ಅವಳು ಒಳಗಿನಿಂದ ಖರ್ಜೂರದ ತಟ್ಟೆ, ಕಾಫಿಯ ಹೂಜಿ ತರುವಷ್ಟರಲ್ಲಿ ನಮ್ಮ ಮಿಸ್ ಕುಶಲ ಕೇಳದೆ, ಪೀಠಿಕೆ ಹಾಕದೆ, ಬ್ಯಾಗಿನಿಂದ ನಾಣ್ಯ ತೆಗೆದು ಅಜ್ಜಿಯ ಅಂಗೈಯಲ್ಲಿ ಇಟ್ಟುಬಿಟ್ಟರು.

ಅಜ್ಜಿ ಅದನ್ನು ತಿರುಗಿಸಿದರು. ಹೆಬ್ಬೆರಳು ಅಂಚಿನಿಂದ ನಡುವಿಗೆ ಬಂತು, ನೀಲಿ ಬೊಟ್ಟಿನ ಮೇಲೆ ನಿಂತಿತು. ಅವರು ಏನೋ ಕೂಗಿದರು. ಸುಕ್ಕುಗಟ್ಟಿದ ಮುಖವೆಲ್ಲ ಅರಳಿ, ಕುರುಡುಗಣ್ಣಿನಿಂದ ನೀರು ಇಳಿಯಿತು. ಒಂದೇ ಸಮನೆ ಮಾತಾಡತೊಡಗಿದರು.

"ಸಿಕ್ಕಿತಾ, ಸಿಕ್ಕಿತಾ ಅಂತ ಕೇಳ್ತಾ ಇದ್ದಾರೆ" ಎಂದರು ಸಾಹೇಬರು, ಗೊಂದಲದಲ್ಲಿ. "ಎಲ್ಲಿ ಬಿದ್ದಿತ್ತು ಅಂತ ಕೇಳ್ತಾರೆ."

ಮೊಮ್ಮಗಳು ಬಾಗಿಲಲ್ಲಿ ಹೂಜಿ ಹಿಡಿದು ನಿಂತಿದ್ದಳು. ಅವಳ ಮುಖದ ಬಣ್ಣ ಇಳಿದುಹೋಗಿತ್ತು. ನಮ್ಮ ಮುಂದೆ ಬಗ್ಗಿ ಕಾಫಿ ಸುರಿಯುತ್ತಾ ಮೆಲ್ಲನೆ ಇಂಗ್ಲಿಷಿನಲ್ಲಿ, "ಸರ ಮಾರಿದ್ದು ಅಜ್ಜಿಗೆ ಗೊತ್ತಿಲ್ಲ. ಕಳೆದುಹೋಗಿದೆ ಅಂತ ಹೇಳಿದ್ದೇವೆ. ಮಗು ಹುಟ್ಟಿದಾಗಿನಿಂದ ಇದೊಂದನ್ನೇ ಕೇಳುತ್ತಿದ್ದಾರೆ" ಎಂದಳು.

ಅಜ್ಜಿ ಹೇಳುತ್ತಲೇ ಇದ್ದರು, ಸಾಹೇಬರು ಕನ್ನಡಕ್ಕೆ ತರುತ್ತಿದ್ದರು. ಅಜ್ಜಿಯ ತಾಯಿಯ ಕಾಲದಲ್ಲಿ ಮನೆಯ ಬೆಳ್ಳಿಯನ್ನೆಲ್ಲ ಕರಗಿಸಿ ಕಾಲ್ಗಡಗ ಮಾಡಿಸಲು ಅಕ್ಕಸಾಲಿ ಬಂದಿದ್ದನಂತೆ. ರಾಶಿಯಲ್ಲಿ ಈ ನೀಲಿ ಕಂಡ ತಾಯಿ, ಇದನ್ನು ಮುಟ್ಟಬೇಡ ಎಂದು ಕಿತ್ತುಕೊಂಡಳಂತೆ. "ಇದು ದುಡ್ಡಲ್ಲವಂತೆ ಟೀಚರೇ. ಕಣ್ಣಂತೆ. ನಮ್ಮಲ್ಲಿ ಮಕ್ಕಳಿಗೆ ದೃಷ್ಟಿಮಣಿ ಕಟ್ಟುವುದಿಲ್ವಾ, ಹಾಗೆ. ಈ ಮನೆಯ ಪ್ರತಿ ಮಗುವಿಗೂ ಮೊದಲು ಇದನ್ನೇ ಕಟ್ಟಿದ್ದಂತೆ. ಇವರಿಗೂ ಕಟ್ಟಿದ್ರಂತೆ."

ನಾನು ಮಿಸ್ ಕಡೆ ನೋಡಿದೆ. ರಾಜ, ಖಜಾನೆ, ಕುದುರೆ ಗೊರಸು, ಎಲ್ಲ ಇನ್ನೇನು ಹೊರಗೆ ಬರುತ್ತದೆ ಎಂದು ಉಸಿರು ಬಿಗಿಹಿಡಿದು ಕೂತೆ. ಇದು ಕಣ್ಣಲ್ಲ ಅಜ್ಜೀ, ಕೊರಿಯಾದ ಮೂರು ಜೊನ್; ಇದು ಕಳೆದದ್ದಲ್ಲ, ನಿಮ್ಮವರು ಮಾರಿದ್ದು. ಎರಡು ದೊಡ್ಡ ತಪ್ಪುಗಳು ಅವರ ಮುಂದೆ ತಿದ್ದಿಸಿಕೊಳ್ಳಲು ಕಾದು ನಿಂತಿದ್ದವು. ಅವರು ತಿದ್ದದಿದ್ದರೂ, ನಾಣ್ಯ ವಾಪಸ್ ಕೇಳುವ ಕೆಲಸ ಯಾರಾದರೂ ಮಾಡಬೇಕಲ್ಲ ಎಂದು ನಾನು ಬಾಯಿ ತೆರೆದೆ. ಅವರು ನನ್ನ ಮೊಣಕೈಯ ಮೇಲೆ ಎಷ್ಟು ಜೋರಾಗಿ ಚಿವುಟಿದರೆಂದರೆ ಮನೆಗೆ ಬಂದು ನೋಡಿದಾಗ ಅಲ್ಲಿ ಕಪ್ಪಗಾಗಿತ್ತು.

"ಸಾಹೇಬ್ರೇ" ಎಂದರು. "ಮಾರ್ಕೆಟ್ಟಿನ ದಾರಿಯಲ್ಲಿ ಬಿದ್ದಿತ್ತು ಅಂತ ಹೇಳಿ. ಇವರ ಮನೇದು ಅಂತ ಯಾರೋ ಹೇಳಿದ್ರು, ಹಾಗೆ ಕೊಡ್ಲಿಕ್ಕೆ ಬಂದೆವು ಅಂತ."

ಸಾಹೇಬರು ಅವರ ಮುಖವನ್ನು ಒಂದು ಕ್ಷಣ ನೋಡಿ, ಹಾಗೇ ಹೇಳಿದರು. ಮೊಮ್ಮಗಳು ಹೂಜಿ ಕೆಳಗಿಟ್ಟು ಒಳಗೆ ಹೋದಳು. ಬಂದಾಗ ಕಣ್ಣು ಕೆಂಪಗಿದ್ದವು, ಕೈಯಲ್ಲಿ ಮಗು. ಅಜ್ಜಿ ತಡವುತ್ತಾ ಕಪ್ಪು ದಾರದಲ್ಲಿ ಆ ನಾಣ್ಯವನ್ನು ಪೋಣಿಸಿದರು. ಕೊಂಡಿ ಇತ್ತಲ್ಲ, ಪೋಣಿಸಲು ಕಷ್ಟವಾಗಲಿಲ್ಲ.

ವಾಪಸ್ ಬರುವಾಗ ದಾರಿಯಲ್ಲಿ ಬಹ್ಲಾದ ಕೋಟೆ ದಾಟುವ ತನಕ ತಡೆದುಕೊಂಡೆ. ಆಮೇಲೆ ತಡೆಯಲಾಗದೆ ಕಾರು ಬದಿಗೆ ಹಾಕಿ ನಿಲ್ಲಿಸಿ ಕೂಗಾಡಿದೆ. "ನಿಮಗೆ ತಲೆ ಕೆಟ್ಟಿದೆಯಾ ಮೇಡಂ? ಜಗತ್ತಲ್ಲಿ ಎಷ್ಟು ಉಳಿದಿದೆಯೋ ಗೊತ್ತಿಲ್ಲದ ವಸ್ತು! ಮಗು ಅದನ್ನ ಬಾಯಿಗೆ ಹಾಕುತ್ತೆ. ಜೊಲ್ಲು, ಬೆವರು, ಸೋಪು. ನೆಲಕ್ಕೆ ಬಡಿಯುತ್ತೆ. ಆ ಮೀನಾಕಾರಿ ಗಾಜಿದ್ದ ಹಾಗೆ, ಇವತ್ತಲ್ಲ ನಾಳೆ ಉದುರಿ ಬೀಳುತ್ತೆ. ಕೆಮಿಸ್ಟ್ರಿ ಟೀಚರಾಗಿ ಹೇಳ್ತಿದ್ದೀನಿ, ಬಿದ್ದೇ ಬೀಳುತ್ತೆ!"

"ಬೀಳ್ಲಿ" ಎಂದರು, ಕಿಟಕಿಯ ಹೊರಗೆ ನೋಡುತ್ತಾ. "ಬೀಳುವಷ್ಟರಲ್ಲಿ ಮಗು ದೊಡ್ಡದಾಗಿರ್ತದೆ."

"ಆ ಕೊರಿಯಾದವರಿಗೆ ಏನು ಹೇಳ್ತೀರಿ?"

"ನಿಜ ಹೇಳ್ತೇನೆ. ಅವರಿಗೆ ಸುಳ್ಳು ಹೇಳ್ಲಿಕ್ಕೆ ಎಂತ ಕಾರಣ ಉಂಟು?"

ಹೇಳಿದರು. ಮುಂದಿನ ಶನಿವಾರ ಆ ಮನುಷ್ಯ ಅದೇ ಬಿಳಿ ಕರವಸ್ತ್ರ ಮಡಿಸಿಕೊಂಡು ಬಂದಿದ್ದರು, ಜೊತೆಗೆ ನಾಣ್ಯ ಇಡಲು ವೆಲ್ವೆಟ್ಟಿನ ಪುಟ್ಟ ಪೆಟ್ಟಿಗೆ. ಮಿಸ್ ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿ ಮುಗಿಸಿದರು. ಅವರು ಕುರ್ಚಿಯಿಂದ ಎದ್ದರು. ದನಿ ಏರಿಸುವ ಜನ ಅಲ್ಲ ಅವರು, ಆದರೂ ಏರಿತು. ನಮ್ಮ ನಾಡಿನಿಂದ ಆ ಕಾಲದಲ್ಲಿ ಏನೇನು ಹೊರಗೆ ಹೋಯಿತು, ಏನೇನು ಕರಗಿಹೋಯಿತು ಎಂದು ನಿಮಗೆ ಗೊತ್ತಿದೆ. ಗೊತ್ತಿಲ್ಲದವರು ಕೊಟ್ಟಿದ್ದರೆ ಕ್ಷಮಿಸುತ್ತಿದ್ದೆ, ನೀವು ಗೊತ್ತಿದ್ದೂ ಕೊಟ್ಟಿರಿ ಎಂದರು. ಟೀ ಮುಟ್ಟದೆ ಹೊರಟುಹೋದರು. ಮೆಟ್ಟಿಲಿನಲ್ಲಿ ಅವರ ಬೂಟಿನ ಸದ್ದು ಕೇಳುತ್ತಾ ನಾವಿಬ್ಬರೂ ಕೂತಿದ್ದೆವು.

"ಅವರು ಹೇಳಿದ್ದರಲ್ಲಿ ತಪ್ಪೊಂದೂ ಇಲ್ಲ" ಎಂದರು ಮಿಸ್. ಆಮೇಲೆ ಆ ಟೀಯನ್ನು ತಾವೇ ಕುಡಿದರು. ಅವರ ಕಣ್ಣಲ್ಲಿ ನೀರಿತ್ತೋ ಏನೋ, ಕನ್ನಡಕ ಒರೆಸಿಕೊಂಡರು. ಸಮಾಧಾನ ಹೇಳಲು ಹೋದರೆ ನನ್ನ ವಾಕ್ಯದಲ್ಲೇ ಏನಾದರೂ ತಪ್ಪು ಹಿಡಿಯುತ್ತಾರೆಂದು ನಾನು ಲೋಟ ತೊಳೆಯಲು ಎದ್ದೆ.

ಆ ವರ್ಷದ ಪರೀಕ್ಷೆ ಮುಗಿದ ಮೇಲೆ ಊರಿಗೆ ಹೋದರು. ಅಕ್ಕನ ಮಗನ ಮನೆಯ ಮಹಡಿಯಿಂದ ಆಗಾಗ ಫೋನು ಬರುತ್ತಿತ್ತು. ಅಲ್ಲಿಯ ನ್ಯೂಸ್ ಪೇಪರಿನಲ್ಲಿ ಎಷ್ಟು ತಪ್ಪು, ಪಕ್ಕದ ಮನೆಯವರು ಎಷ್ಟು ಜೋರಾಗಿ ಟೀವಿ ಹಾಕುತ್ತಾರೆ, ನಾನು ಇನ್ನೂ ಅದೇ ಕಾರಿನಲ್ಲಿ ಓಡಾಡುವುದು ಎಷ್ಟು ಅಪಾಯ. ನಾಣ್ಯದ ಮಾತು ಇಬ್ಬರೂ ಎತ್ತುತ್ತಿರಲಿಲ್ಲ. ನನಗೆ ಎತ್ತಿದರೆ ಸಿಟ್ಟು ಬರುತ್ತಿತ್ತು.

ಸಾವಿನ ಸುದ್ದಿ ಬಂದ ಮುಂದಿನ ಶುಕ್ರವಾರ ನಾನೊಬ್ಬಳೇ ಇಬ್ರಿಗೆ ಹೋದೆ. ಆ ಮನೆಯವರಿಗೆ ಯಾರಾದರೂ ತಿಳಿಸಬೇಕಲ್ಲ. ಅಜ್ಜಿ ಹೋದ ವರ್ಷ ತೀರಿಕೊಂಡಿದ್ದರು. ಮೊಮ್ಮಗಳಿಗೆ ಈಗ ಇನ್ನೊಂದು ಮಗು, ಕಪ್ಪು ದಾರ ಅದರ ಕೊರಳಿಗೆ ಬಂದಿದೆ. ನಾನು ಹೇಳಿದ್ದಂತೆಯೇ ಅರ್ಧ ನೀಲಿ ಉದುರಿದೆ. ಸುದ್ದಿ ಕೇಳಿ ಅವಳು ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ, "ಅವರು ಊರಿಗೆ ಹೋಗುವ ಮೊದಲು ಇನ್ನೊಂದು ಸಲ ಬಂದಿದ್ದರಲ್ಲ, ನಿಮಗೆ ಗೊತ್ತಿರಬೇಕು" ಎಂದಳು.

ನನಗೆ ಗೊತ್ತಿರಲಿಲ್ಲ.

ರೂವಿಯಿಂದ ಬಸ್ಸಿನಲ್ಲಿ ಬಂದಿದ್ದರಂತೆ. ಜೊತೆಗೆ ಒಬ್ಬ ಕೊರಿಯಾದ ಮನುಷ್ಯ. ಸೊಹಾರಿಗೆ ಫೋನು ಮಾಡಿ ಮಾಡಿ ಆ ಇಂಜಿನಿಯರನ್ನು ಒಪ್ಪಿಸಿ ಕರೆತಂದದ್ದಿರಬೇಕು; ಆ ಪೀಡನೆ ಹೇಗಿರುತ್ತದೆಂದು ನನಗೆ ಚೆನ್ನಾಗಿ ಗೊತ್ತು. ಆ ಮನುಷ್ಯ ಬಿಗಿದುಕೊಂಡೇ ಒಳಗೆ ಬಂದರಂತೆ, ಖರ್ಜೂರ ಮುಟ್ಟಲಿಲ್ಲವಂತೆ. ಕಾರ್ಪೆಟ್ಟಿನ ತುದಿಯಲ್ಲಿ ಮಂಡಿಯೂರಿ ಕೂತು ದೂರದಿಂದಲೇ ಮಗುವಿನ ಕೊರಳು ನೋಡುತ್ತಿದ್ದರಂತೆ. ಯಾರೋ ಹೊಸಬರು ಬಂದಿದ್ದಾರೆ, ಕೂತೇ ಇದ್ದಾರೆ, ಮಾತಾಡುತ್ತಿಲ್ಲ ಎಂದು ತಿಳಿದ ಅಜ್ಜಿ, ಮಗುವನ್ನು ಎತ್ತಿ ಅವರ ತೊಡೆಯ ಮೇಲೆ ಕೊಡಲು ಹೇಳಿದರಂತೆ.

"ಮಗು ಅವರ ಪ್ಯಾಂಟು ಒದ್ದೆ ಮಾಡಿಬಿಟ್ಟಿತು" ಎಂದಳು ಅವಳು, ಅಳುವಿನ ಮಧ್ಯೆ ನಗುತ್ತಾ. "ನನಗೆ ನಾಚಿಕೆಯಾಗಿ ಎತ್ತಿಕೊಳ್ಳಲು ಹೋದೆ. ಅವರು ಬೇಡ ಅಂತ ಕೈ ಅಡ್ಡ ಹಿಡಿದರು. ಬೆರಳ ತುದಿಯಿಂದ ನಾಣ್ಯವನ್ನು ಒಂದು ಸಲ ಮುಟ್ಟಿದರು, ಅಷ್ಟೇ. ಮಗು ಅವರ ತೊಡೆಯ ಮೇಲೆ ನಿದ್ದೆ ಹೋಯಿತು. ಅದು ತಾನಾಗಿ ಏಳುವ ತನಕ ಅವರು ಅಲುಗಾಡಲಿಲ್ಲ. ನಿಮ್ಮ ಟೀಚರ್, ನಮ್ಮ 'ಉಸ್ತಾದಾ', ಪಕ್ಕದಲ್ಲೇ ಕೂತಿದ್ದರು. ಅವರೂ ಒಂದು ಮಾತೂ ಆಡಲಿಲ್ಲ."

ಅಷ್ಟು ಹೊತ್ತು ಮಾತಾಡದೆ ಮಿಸ್ ಕೂತಿದ್ದನ್ನು ನಾನು ನೋಡಬೇಕಿತ್ತು.